ಚಿಕ್ಕಮ್ಮನ ಮೇಜಿನ ಮೇಲಿದ್ದ ಮೂರು ಹೆಸರುಗಳು

ಕಳೆದ ಮಳೆಗಾಲದಲ್ಲಿ ಚಿಕ್ಕಮ್ಮ ಫೋನು ಮಾಡಿ, "ಹಳೇ ಕಾಗದ ಪತ್ರ ಹುಡುಕೋದು ನಿನ್ನ ಕೆಲಸ ಅಲ್ವೇನೋ, ಒಂದು ಸಲ ಮನೆಗೆ ಬಂದು ಹೋಗು" ಅಂದರು. ಜಮೀನಿನ ದಾಖಲೆಯ ವಿಚಾರ ಇರಬೇಕು ಅಂದುಕೊಂಡು ಹೋದೆ. ಊಟದ ಮೇಜಿನ ಮೇಲೆ ಅವರು ಮೂರು ವಸ್ತುಗಳನ್ನು ಸಾಲಾಗಿ ಇಟ್ಟಿದ್ದರು. ರಬ್ಬರ್ ಬ್ಯಾಂಡ್ ಸುತ್ತಿದ ಹಸಿರು ಆಸ್ಪರಾಗಸ್ ಕಟ್ಟು ಒಂದು. ಗ್ರಂಧಿಗೆ ಅಂಗಡಿಯಿಂದ ತಂದ ಶತಾವರಿ ಪುಡಿಯ ಪೊಟ್ಟಣ ಇನ್ನೊಂದು. ಮೂರನೆಯದು ಆಸ್ಪತ್ರೆಯ ಚೀಟಿ. ಅದರಲ್ಲಿ ಒಂದು ಸಾಲಿನ ಕೆಳಗೆ ಪೆನ್ನಿನಿಂದ ಗೆರೆ ಎಳೆದಿದ್ದರು: ಎಲ್-ಆಸ್ಪರಜಿನೇಸ್.

ಚಿಕ್ಕಮ್ಮನ ಮೊಮ್ಮಗನಿಗೆ ಆರು ವರ್ಷ. ರಕ್ತದ ಕ್ಯಾನ್ಸರಿಗೆ ಚಿಕಿತ್ಸೆ ಶುರುವಾಗಿ ಎರಡು ತಿಂಗಳಾಗಿತ್ತು. ಅವರು ಫೋನಿನಲ್ಲಿ ಬಂದ ಸಂದೇಶವೊಂದನ್ನು ತೆರೆದು ನನ್ನ ಕೈಗಿಟ್ಟರು. ಆಸ್ಪರಾಗಸ್ ಬೇಯಿಸಿ, ರುಬ್ಬಿ, ಬೆಳಿಗ್ಗೆ ನಾಲ್ಕು ಚಮಚ, ಸಂಜೆ ನಾಲ್ಕು ಚಮಚ ಕೊಟ್ಟರೆ ಎಂಥ ಕ್ಯಾನ್ಸರೂ ವಾಸಿಯಾಗುತ್ತದೆ ಎಂದು ಅದರಲ್ಲಿತ್ತು.

"ಮೂರೂ ಒಂದೇ ಅಲ್ವೇನೋ?" ಅಂದರು. "ಪುಡಿ ಕೊಟ್ಟವನು ಇದೇ ಅದು ಅಂದ. ಫೋನಿನಲ್ಲಿ ಬಂದದ್ದೂ ಅದೇ. ಡಾಕ್ಟರು ಬರೆದಿದ್ದೂ ಅದೇ ಹೆಸರು. ಹಾಗಿದ್ದ ಮೇಲೆ ಆ ಮಗೂಗೆ ಸೂಜಿ ಯಾಕೆ ಚುಚ್ಚಿಸಬೇಕು? ಸೂಪು ಮಾಡಿ ಕುಡಿಸಿದರೆ ಸಾಲದಾ?"

ಆ ಪ್ರಶ್ನೆ ಕೇಳುವಾಗ ಅವರ ಕಣ್ಣು ತುಂಬಿತ್ತು. ಅದು ದಡ್ಡತನದ ಪ್ರಶ್ನೆಯಲ್ಲ. ಮೂರು ಹೆಸರೂ ಒಂದೇ ಧ್ವನಿಯವು. ಅಕ್ಷರ ಬಲ್ಲ ಯಾರಿಗಾದರೂ ಹಾಗೆಯೇ ತೋಚುತ್ತದೆ. ನನ್ನ ಹತ್ತಿರ ಆಗ ಉತ್ತರ ಇರಲಿಲ್ಲ. "ಡಾಕ್ಟರನ್ನು ಕೇಳದೆ ಒಂದು ಚಮಚವನ್ನೂ ಕೊಡಬೇಡಿ, ಒಂದು ಸೂಜಿಯನ್ನೂ ತಪ್ಪಿಸಬೇಡಿ. ಈ ಹೆಸರು ಎಲ್ಲಿಂದ ಎಲ್ಲಿಗೆ ಹೋಯಿತು ಅನ್ನೋದನ್ನ ನಾನು ಹುಡುಕಿ ಹೇಳ್ತೀನಿ" ಅಂದು ಮಾತು ಕೊಟ್ಟು ಬಂದೆ.

ಮೊದಲು ಹಿಡಿದದ್ದು ಆ ಸಂದೇಶದ ಜಾಡನ್ನೇ. ಕನ್ನಡದ ಸಂದೇಶ ಒಂದು ಇಂಗ್ಲಿಷ್ ಸಂದೇಶದ ಅನುವಾದ. ಆ ಇಂಗ್ಲಿಷ್ ಸಂದೇಶ ವರ್ಷಗಟ್ಟಲೆ ಇಮೇಲಿನಲ್ಲಿ ಸುತ್ತಿದ್ದು. ಅದು ತನ್ನ ಮೂಲವನ್ನು ತಾನೇ ಹೇಳಿಕೊಳ್ಳುತ್ತದೆ: 1979ರ ಡಿಸೆಂಬರಿನಲ್ಲಿ ಅಮೆರಿಕದ ಒಂದು ಪತ್ರಿಕೆಯಲ್ಲಿ ಬಂದ ಲೇಖನ. ಅದು ವೈದ್ಯವಿಜ್ಞಾನದ ಸಂಶೋಧನಾ ಪತ್ರಿಕೆಯಲ್ಲ. ಬರೆದವರ ಹೆಸರಿನ ಮುಂದಿದ್ದದ್ದು ದಂತವೈದ್ಯರ ಪದವಿ. ಒಳಗೆ ನಾಲ್ಕು ರೋಗಿಗಳ ಕಥೆಗಳಿವೆ. ನಾಲ್ವರೂ ಆಸ್ಪರಾಗಸ್ ತಿಂದರು, ನಾಲ್ವರೂ ಗುಣವಾದರು. ಅವರು ಬೇರೆ ಯಾವ ಚಿಕಿತ್ಸೆ ಪಡೆದಿದ್ದರು, ಆಸ್ಪರಾಗಸ್ ತಿಂದೂ ಗುಣವಾಗದವರು ಎಷ್ಟು ಜನ, ತಿನ್ನದವರ ಗತಿ ಏನಾಯಿತು? ಇದರಲ್ಲಿ ಒಂದಕ್ಕೂ ಉತ್ತರವಿಲ್ಲ. ಅಂದರೆ ಹೋಲಿಸಿ ನೋಡಲು ಇನ್ನೊಂದು ಗುಂಪೇ ಇಲ್ಲ. ಓದುಗರು ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಈ ಹುಡುಕಾಟದ ಕೊನೆಯಲ್ಲಿ ನನ್ನ ಕಣ್ಣು ತೆರೆಸಿದ್ದು ಅಂಥ ಇನ್ನೊಂದು ಗುಂಪೇ.

ಸಂದೇಶದಲ್ಲಿ ಗ್ಲುಟಥಯೋನ್ ಎಂಬ ಪದಾರ್ಥದ ಮಾತೂ ಇದೆ. ಆಸ್ಪರಾಗಸ್‌ನಲ್ಲಿ ಅದು ಇರುವುದು ನಿಜ. ಆದರೆ ತಿಂದ ಗ್ಲುಟಥಯೋನಿನ ಬಹುಪಾಲು ಕರುಳಿನಲ್ಲೇ ಒಡೆದುಹೋಗುತ್ತದೆ. ನಿಜದ ಒಂದು ಕಾಳನ್ನು ಇಟ್ಟು ಅದರ ಸುತ್ತ ಸುಳ್ಳಿನ ಉಂಡೆ ಕಟ್ಟಿದ ಹಾಗಿದೆ ಆ ಬರಹ.

ಎರಡನೆಯದು ಶತಾವರಿಯ ಪುಡಿ. ಇಲ್ಲಿ ಕನ್ನಡದ ದಾಖಲೆಗಳೇ ನನ್ನನ್ನು ಬಹಳ ದಿನ ಹಿಡಿದು ಕೂರಿಸಿದವು. ಭಾರತ ಸರ್ಕಾರದ ಆಯುರ್ವೇದ ಔಷಧಕೋಶವನ್ನು ತೆಗೆದು ಶತಾವರಿಯ ಪುಟ ನೋಡಿದೆ. ಪ್ರತಿ ಭಾಷೆಯ ಹೆಸರನ್ನೂ ರೋಮನ್ ಲಿಪಿಯಲ್ಲಿ ಕೊಟ್ಟಿದ್ದಾರೆ. ಕನ್ನಡದ ಮುಂದೆ ಇರುವುದು ಇಷ್ಟು: ಆಷಾಢಿ ಪೋಯೆರು, ಹಲವು ಬೌ, ನಾರಾಯಣಿ, ಮಕ್ಕಳ.

"ಹಲವು ಬೌ" ಅಂದರೆ ಏನು? "ಮಕ್ಕಳ" ಎಂಬುದು ಗಿಡದ ಹೆಸರಾಗುವುದು ಹೇಗೆ? ಮಲೆನಾಡಿನ ಬೇಲಿಗಳಲ್ಲಿ ಮುಳ್ಳು ಮುಳ್ಳಾಗಿ ಹಬ್ಬುವ ಈ ಬಳ್ಳಿಯನ್ನು ಹಳ್ಳಿಯವರು ಏನೆನ್ನುತ್ತಾರೆ ಎಂಬುದು ನೆನಪಾದಾಗ ಗಂಟು ಬಿಚ್ಚಿತು. ಅದು ಹಲವು ಮಕ್ಕಳ ತಾಯಿ ಬೇರು. ಬುಡ ಅಗೆದರೆ ಒಂದೇ ಗೆಡ್ಡೆ ಸಿಗುವುದಿಲ್ಲ. ಬೆರಳು ಗಾತ್ರದ ಬಿಳಿ ಬೇರುಗಳು ಗೊಂಚಲು ಗೊಂಚಲಾಗಿ ತಾಯಿಯ ಸೆರಗು ಹಿಡಿದ ಮಕ್ಕಳಂತೆ ಬರುತ್ತವೆ. ಆ ಚಂದದ ಹೆಸರು ಕನ್ನಡ ಬಾರದ ಕೈಗಳಲ್ಲಿ ಪ್ರತಿಯಿಂದ ಪ್ರತಿಗೆ ಸಾಗುತ್ತ ತುಂಡಾಗಿದೆ. "ಹಲವು" ಒಂದು ಕಡೆ, "ಮಕ್ಕಳ" ಇನ್ನೊಂದು ಕಡೆ, ನಡುವೆ ನಾರಾಯಣಿ ಬಂದು ಕೂತಿದ್ದಾಳೆ, ತಾಯಿ ಕಾಣೆಯಾಗಿದ್ದಾಳೆ. "ಪೋಯೆರು" ಎಂಬುದು ನಮ್ಮ ಬೇರೇ ಎಂದು ನಾನು ಓದುತ್ತೇನೆ. ಆಷಾಢಿ ಬೇರು.

ಇದೇ ಕುತೂಹಲದಿಂದ ಅಮರಕೋಶದ ವನೌಷಧಿ ವರ್ಗ ತೆರೆದೆ. ಶತಾವರಿಗೆ ಅಲ್ಲಿ ಹೆಸರುಗಳ ಸಾಲೇ ಇದೆ. ಶತಮೂಲೀ, ನೂರು ಬೇರಿನವಳು. ಅದರ ಪಕ್ಕದಲ್ಲೇ ಬಹುಸುತಾ, ಹಲವು ಮಕ್ಕಳವಳು. ಮೈ ಜುಮ್ಮೆಂದಿತು. ಸಂಸ್ಕೃತದ ಕೋಶಕಾರನೂ ನಮ್ಮ ಬೇಲಿ ಬದಿಯ ಅಜ್ಜಿಯೂ ಒಂದೇ ಬೇರನ್ನು ಅಗೆದು, ಒಂದೇ ನೋಟ ಕಂಡು, ಒಂದೇ ಹೆಸರಿಟ್ಟಿದ್ದರು. ಯಾರಿಂದ ಯಾರಿಗೆ ಹೋಯಿತು ಎಂಬ ವಾದ ನನಗೆ ಬೇಡ. ಇಂಥ ಹೆಸರೊಂದು ಸರ್ಕಾರಿ ಪುಸ್ತಕದಲ್ಲಿ "ಹಲವು ಬೌ" ಆಗಿ ನಿಂತಿದೆಯಲ್ಲ, ಅದನ್ನು ಯಾರಾದರೂ ತಿದ್ದಬೇಕು.

ಸಸ್ಯಶಾಸ್ತ್ರದ ಲೆಕ್ಕದಲ್ಲಿ ಎರಡು ಗಿಡಗಳೂ ಒಂದೇ ಕುಲದವು. ತರಕಾರಿಯದು ಆಸ್ಪರಾಗಸ್ ಅಫಿಸಿನಾಲಿಸ್. 1753ರಲ್ಲಿ ಲಿನ್ನೇಯಸ್ ಕೊಟ್ಟ ಹೆಸರು. ನಮ್ಮ ಶತಾವರಿ ಆಸ್ಪರಾಗಸ್ ರೆಸಿಮೋಸಸ್. 1799ರಲ್ಲಿ ವಿಲ್ಡನೌ ಕೊಟ್ಟದ್ದು. ಎರಡರಲ್ಲೂ ಎಲೆಯಂತೆ ಕಾಣುವ ಹಸಿರು ಸೂಜಿಗಳು ಎಲೆಗಳಲ್ಲ, ಕಿರಿದಾದ ಕೊಂಬೆಗಳು. ಹೋಲಿಕೆ ಅಷ್ಟೇ. ಒಂದರ ಚಿಗುರನ್ನು ತಿನ್ನುತ್ತಾರೆ, ಇನ್ನೊಂದರ ಬೇರನ್ನು ಔಷಧಕ್ಕೆ ಬಳಸುತ್ತಾರೆ. ಆಲೂಗಡ್ಡೆ ಮತ್ತು ಬದನೆಕಾಯಿ ಕೂಡ ಒಂದೇ ಕುಲದವು. ಆಲೂಗಡ್ಡೆ ಕೇಳಿದವರಿಗೆ ಬದನೆಕಾಯಿ ತೂಗಿ ಕೊಡುವುದುಂಟೆ? ಕನ್ನಡದ ಎಷ್ಟೋ ಅಡುಗೆ ಬರಹಗಳಲ್ಲಿ ಆಸ್ಪರಾಗಸ್ ತರಕಾರಿಯನ್ನು ಶತಾವರಿ ಎಂದೇ ಬರೆಯುತ್ತಾರೆ. ಗ್ರಂಧಿಗೆ ಅಂಗಡಿಯವನ ತಪ್ಪು ಅಲ್ಲಿಂದ ಬಂದದ್ದು.

ಹಾಗಾದರೆ ಆ ತರಕಾರಿ ಎಂದಾದರೂ ಕ್ಯಾನ್ಸರಿನ ಮದ್ದು ಅನಿಸಿಕೊಂಡಿತ್ತೆ? ಹಿಂದಕ್ಕೆ, ಇನ್ನೂ ಹಿಂದಕ್ಕೆ ಹೋದೆ. ಕ್ರಿಸ್ತಪೂರ್ವ 160ರ ಸುಮಾರಿಗೆ ರೋಮಿನ ಕೇಟೋ ಬರೆದ ಕೃಷಿಯ ಪುಸ್ತಕದಲ್ಲಿ 162 ಅಧ್ಯಾಯಗಳಿವೆ. 161ನೆಯದು ಪೂರ್ತಿ ಆಸ್ಪರಾಗಸ್ ಬೆಳೆಯ ಕುರಿತದ್ದು. ಓದುತ್ತ ಹೋದರೆ ನಮ್ಮ ಪಕ್ಕದ ತೋಟದ ಹಿರಿಯರೊಬ್ಬರು ಮಾತಾಡುತ್ತಿದ್ದಾರೆ ಅನಿಸುತ್ತದೆ. ತೇವ ಇರುವ ನೆಲ ನೋಡಿಕೋ. ಮಡಿಗಳ ನಡುವೆ ಅರ್ಧ ಅಡಿ ದಾರಿ ಬಿಡು, ಕಳೆ ಕೀಳುವಾಗ ಮಡಿ ತುಳಿಯಬಾರದು. ಕೋಲಿನಿಂದ ಕುಳಿ ಮಾಡಿ ಎರಡು ಮೂರು ಬೀಜ ಹಾಕು. ಮೊದಲ ಚಳಿಗಾಲಕ್ಕೆ ಹುಲ್ಲು ಹೊದಿಸು. ಮೂರನೆಯ ವರ್ಷದವರೆಗೆ ಕೀಳಬೇಡ, ಕಾಯಿ. ಎಂಟೊಂಬತ್ತು ವರ್ಷಕ್ಕೆ ಹಳೆಯದಾದಾಗ ಬೇರು ಮುರಿಯದಂತೆ ಎತ್ತಿ ಬೇರೆ ಕಡೆ ನೆಡು. ಗೊಬ್ಬರಕ್ಕೆ ಕುರಿ ಹಿಕ್ಕೆಯೇ ಸರಿ, ಬೇರೆ ಗೊಬ್ಬರ ಕಳೆ ತರುತ್ತದೆ. ನಾನು ಬರೆದದ್ದು ಅವನ ಮಾತಲ್ಲ, ಅದರ ಸಾರ. ಇಂದಿಗೂ ಈ ಬೆಳೆಯವರು ಎರಡು ಮೂರು ವರ್ಷ ಕಾದೇ ಮೊದಲ ಚಿಗುರು ಕೊಯ್ಯುವುದು.

ಅದೇ ಪುಸ್ತಕದ ನಾಲ್ಕು ಅಧ್ಯಾಯ ಹಿಂದಕ್ಕೆ ತಿರುಗಿಸಿದರೆ ಕೇಟೋ ಎಲೆಕೋಸಿನ ಮಹಿಮೆ ಹೇಳುತ್ತಿದ್ದಾನೆ. ಎದೆಯ ಮೇಲೆ ಎದ್ದ ಕ್ಯಾನ್ಸರ್ ಹುಣ್ಣಿಗೆ ಎಲೆಕೋಸನ್ನು ಅರೆದು ಹಚ್ಚಿದರೆ ವಾಸಿಯಾಗುತ್ತದೆ ಎಂದು ಅಲ್ಲಿದೆ. ಅಲ್ಲಿಗೆ ನನ್ನ ಕೈ ನಿಂತಿತು. ತರಕಾರಿಯಿಂದ ಕ್ಯಾನ್ಸರ್ ಗುಣವಾಗುತ್ತದೆ ಎಂಬ ಆಸೆಗೆ 2,000 ವರ್ಷ ದಾಟಿದೆ. ಆದರೆ ಆ ಆಸೆ ಕಟ್ಟಿಕೊಂಡದ್ದು ಎಲೆಕೋಸಿಗೆ. ಆಸ್ಪರಾಗಸ್‌ಗೆ ಕೇಟೋ ಕೊಟ್ಟದ್ದು ಕುರಿ ಹಿಕ್ಕೆ ಮತ್ತು ಗುದ್ದಲಿ ಮಾತ್ರ.

ಆಮೇಲಿನ ದಾಖಲೆಗಳಲ್ಲೂ ಅದು ಹೆಚ್ಚಾಗಿ ಊಟದ ತಟ್ಟೆಯಲ್ಲೇ ಇದೆ. ಸ್ಯೂಟೋನಿಯಸ್ ಬರೆದ ಚರಿತ್ರೆಯ ಪ್ರಕಾರ, ಥಟ್ಟನೆ ಆಗಬೇಕಾದ ಕೆಲಸಕ್ಕೆ ಆಸ್ಪರಾಗಸ್ ಬೇಯುವುದಕ್ಕಿಂತ ಬೇಗ ಎನ್ನುವುದು ಸಾಮ್ರಾಟ ಅಗಸ್ಟಸನ ರೂಢಿಯ ಮಾತು. ಮಿಲಾನಿನ ಒಂದು ಮನೆಯಲ್ಲಿ ಆಸ್ಪರಾಗಸ್‌ಗೆ ಆಲಿವ್ ಎಣ್ಣೆಯ ಬದಲು ಸುಗಂಧದ ಎಣ್ಣೆ ಹಾಕಿ ಬಡಿಸಿದ್ದರಂತೆ. ಜೂಲಿಯಸ್ ಸೀಸರ್ ಸುಮ್ಮನೆ ಊಟ ಮಾಡಿ, ಮುಖ ಸಿಂಡರಿಸಿದ ಗೆಳೆಯರನ್ನೇ ಗದರಿಸಿದ ಎಂದು ಪ್ಲೂಟಾರ್ಕ್ ಬರೆಯುತ್ತಾನೆ. ರವೆನ್ನಾ ಊರಿನಲ್ಲಿ ಮೂರೇ ಚಿಗುರು ಒಂದು ಪೌಂಡು ತೂಗುವಷ್ಟು ದಪ್ಪ ಬೆಳೆಸುತ್ತಾರೆ, ಕಾಡಿನಲ್ಲಿ ಎಲ್ಲರಿಗೂ ಸಿಗುತ್ತಿದ್ದದ್ದು ಈಗ ಶ್ರೀಮಂತರ ಪಾಲಾಯಿತು ಎಂದು ಪ್ಲಿನಿಗೆ ಸಂಕಟ. ಅದೇ ಪ್ಲಿನಿ, ಟಗರಿನ ಕೊಂಬನ್ನು ಪುಡಿ ಮಾಡಿ ಹೂಳಿದರೆ ಆಸ್ಪರಾಗಸ್ ಮೊಳೆಯುತ್ತದೆ ಎಂಬ ಕೇಳಿದ ಮಾತನ್ನೂ ಬರೆದಿಟ್ಟಿದ್ದಾನೆ. ಹೊಟ್ಟೆಗೆ ಹಿತ, ಮೂತ್ರ ಸಲೀಸು ಎಂಬ ಗುಣಗಳನ್ನೂ ಹೇಳುತ್ತಾನೆ. ಲಂಡನ್ನಿನ ಸ್ಯಾಮ್ಯುಯೆಲ್ ಪೀಪ್ಸ್ 1667ರ ಏಪ್ರಿಲ್ 20ರಂದು ನೂರು ಚಿಗುರಿನ ಕಟ್ಟನ್ನು 18 ಪೆನ್ಸ್ ಕೊಟ್ಟು ಮನೆಗೆ ತಂದ. ಅವನು ದಿನಚರಿಯಲ್ಲಿ ಬರೆದ ಹೆಸರು ಸ್ಪ್ಯಾರೋಗ್ರಾಸ್, ಅಂದರೆ ಗುಬ್ಬಿಹುಲ್ಲು. ಬಾಯಿಗೆ ಹೊರಳದ ಗ್ರೀಕ್ ಹೆಸರನ್ನು ಇಂಗ್ಲೆಂಡಿನ ಜನ ತಮಗೆ ಗೊತ್ತಿದ್ದ ಗುಬ್ಬಿಯನ್ನೂ ಹುಲ್ಲನ್ನೂ ಸೇರಿಸಿ ತಿದ್ದಿಕೊಂಡಿದ್ದರು.

ಮೇಜಿನ ಮೇಲಿನ ಮೂರನೆಯ ಹೆಸರಿಗೆ ದಾರಿ ಸಿಕ್ಕಿದ್ದು ಪ್ಯಾರಿಸಿನಲ್ಲಿ. ಅಲ್ಲಿನ ರಸಾಯನಶಾಸ್ತ್ರದ ಹಳೆಯ ಪತ್ರಿಕೆಯ 57ನೆಯ ಸಂಪುಟ, 1806. ಇವತ್ತು ಅದನ್ನು ಮನೆಯಲ್ಲೇ ಕುಳಿತು ಪರದೆಯ ಮೇಲೆ ಓದಬಹುದು. 88ನೆಯ ಪುಟದಲ್ಲಿ ಇಬ್ಬರ ಲೇಖನ ಶುರುವಾಗುತ್ತದೆ. ಒಬ್ಬ ವೋಕ್ಲಾಂ. ಕ್ರೋಮಿಯಂ ಲೋಹವನ್ನು ಕಂಡುಹಿಡಿದು ಆಗಲೇ ಹೆಸರಾಗಿದ್ದವನು. ಇನ್ನೊಬ್ಬ ರೊಬಿಕೆ. 26ರ ಹರೆಯದವನು. ಮುಂದೆ ಅಫೀಮಿನಿಂದ ಕೊಡೀನ್ ಬೇರ್ಪಡಿಸಿದವನೂ ಇವನೇ. ರೊಬಿಕೆ ಹಿಂದಿನ ವರ್ಷದಿಂದಲೇ ಆಸ್ಪರಾಗಸ್ ರಸದ ಬೆನ್ನು ಹತ್ತಿದ್ದ. ಹಿಂಡಿದ ರಸವನ್ನು ಕಾಯಿಸಿ ಗಟ್ಟಿ ಮಾಡಿ ಇಟ್ಟರೆ, ದಿನ ಕಳೆದ ಮೇಲೆ ಅದರಲ್ಲಿ ಹರಳು ಕಟ್ಟಿತು. ಎರಡು ಬಗೆಯ ಹರಳು. ಒಂದು ಸಿಹಿ. ಇನ್ನೊಂದು ಬಣ್ಣವಿಲ್ಲದ, ಗಟ್ಟಿಯಾದ, ಓರೆ ಮೂಲೆಗಳ ಹರಳು. ನಾಲಿಗೆಗಿಟ್ಟರೆ ತಂಪು, ಸ್ವಲ್ಪ ಓಕರಿಕೆ, ಬಾಯಲ್ಲಿ ನೀರು. ಅಂದಿನ ರಸಾಯನಶಾಸ್ತ್ರಜ್ಞರು ಎಲ್ಲವನ್ನೂ ನಾಲಿಗೆಗಿಟ್ಟೇ ನೋಡುತ್ತಿದ್ದರು. ಅದು ಆಮ್ಲವಲ್ಲ, ಲವಣವೂ ಅಲ್ಲ. ಸಸ್ಯದ ಒಂದು ಹೊಸ ಸತ್ವ ಎಂದಷ್ಟೇ ಅವರು ಬರೆದರು.

ಆ ಹರಳಿಗೆ ಮುಂದೆ ನಿಂತ ಹೆಸರು ಆಸ್ಪರಜಿನ್. ಮನುಷ್ಯನ ಕೈಗೆ ಶುದ್ಧವಾಗಿ ಸಿಕ್ಕ ಮೊಟ್ಟಮೊದಲ ಅಮೈನೋ ಆಮ್ಲ ಅದೇ. ಅಮೈನೋ ಆಮ್ಲ ಎಂಬ ಮಾತೇ ಆಗ ಹುಟ್ಟಿರಲಿಲ್ಲ. ಆಸ್ಪರಾಗಸ್‌ನಲ್ಲಿ ಮೊದಲು ಸಿಕ್ಕಿತು ಎಂಬುದಕ್ಕೆ ಆ ಹೆಸರು, ಅಷ್ಟೇ. ಹಾಲು, ಮೊಟ್ಟೆ, ಮಾಂಸ, ಆಲೂಗಡ್ಡೆ, ಸೋಯಾ, ನಾವು ಮೊಳಕೆ ಕಟ್ಟುವ ಕಾಳುಗಳು, ಎಲ್ಲದರಲ್ಲೂ ಅದು ಇದೆ. ನಮ್ಮ ದೇಹವೂ ತನಗೆ ಬೇಕಾದಷ್ಟನ್ನು ತಾನೇ ತಯಾರಿಸಿಕೊಳ್ಳುತ್ತದೆ.

ಪ್ರೋಟೀನಿನ ಇಟ್ಟಿಗೆಗಳಲ್ಲಿ ಇದೂ ಒಂದು ಎಂದು ಸಾಬೀತಾಗಲು ಇನ್ನೂ 126 ವರ್ಷ ಹಿಡಿಯಿತು. ಕಾರಣ ಸರಳ. ಪ್ರೋಟೀನನ್ನು ಬಿಡಿಸಿ ನೋಡಲು ಅದನ್ನು ಆಮ್ಲದಲ್ಲಿ ಕುದಿಸುತ್ತಿದ್ದರು. ಕುದಿಸಿದಾಗ ಆಸ್ಪರಜಿನ್ ತಾನೇ ಮುರಿದು ಆಸ್ಪರ್ಟಿಕ್ ಆಮ್ಲ ಮತ್ತು ಅಮೋನಿಯ ಆಗಿಬಿಡುತ್ತಿತ್ತು. ಹುಡುಕುವ ವಿಧಾನವೇ ಹುಡುಕುವ ವಸ್ತುವನ್ನು ನಾಶ ಮಾಡುತ್ತಿತ್ತು. 1932ರ ಜೀವರಸಾಯನ ಪತ್ರಿಕೆಯ 26ನೆಯ ಸಂಪುಟದಲ್ಲಿ ಆ ಗಂಟನ್ನು ಬಿಡಿಸಿದ ಲೇಖನವಿದೆ. ಕುದಿಸುವುದನ್ನು ಬಿಟ್ಟು, ಕಿಣ್ವಗಳಿಂದ ಮೆಲ್ಲಗೆ ಜೀರ್ಣ ಮಾಡಿಸಿ, ಹೆಂಪ್ ಗಿಡದ ಬೀಜದ ಪ್ರೋಟೀನಿನಿಂದ ಆಸ್ಪರಜಿನನ್ನು ಇಡಿಯಾಗಿ ಹೊರತೆಗೆದಿದ್ದರು. ಬರೆದವರ ಹೆಸರು ನೋಡಿ ಎದ್ದು ನಿಂತೆ. ಎಂ. ದಾಮೋದರನ್. ಲಂಡನ್ನಿನಲ್ಲಿ ಈ ಕೆಲಸ ಮಾಡಿ, ಮುಂದೆ ಮದ್ರಾಸ್ ವಿಶ್ವವಿದ್ಯಾಲಯದಲ್ಲಿ ಜೀವರಸಾಯನ ವಿಜ್ಞಾನ ಕಲಿಸಿದವರು. ನಮ್ಮ ಶಾಲೆಯ ಪುಸ್ತಕಗಳಲ್ಲಿ ನಾನು ಈ ಹೆಸರನ್ನು ಕಂಡಿರಲಿಲ್ಲ. ಮಕ್ಕಳು ಕಾಣಬೇಕಾದ ಹೆಸರು ಅದು.

ಇನ್ನು ಆ ಸೂಜಿಯ ಕಥೆ. 1953ರಲ್ಲಿ ನ್ಯೂಯಾರ್ಕಿನ ಕಾರ್ನೆಲ್ ವೈದ್ಯಕೀಯ ಕಾಲೇಜಿನಲ್ಲಿ ಜಾನ್ ಕಿಡ್ ಎಂಬ ವಿಜ್ಞಾನಿ ಲಿಂಫೋಮಾ ಗೆಡ್ಡೆ ಇದ್ದ ಇಲಿಗಳ ಮೇಲೆ ಪ್ರಯೋಗ ನಡೆಸುತ್ತಿದ್ದರು. ಮೊಲಗಳ ರಕ್ತದಲ್ಲಿ ತಯಾರಾದ ಪ್ರತಿಕಾಯಗಳು ಗೆಡ್ಡೆಯನ್ನು ಕರಗಿಸುತ್ತವೆಯೇ ಎಂಬುದು ಅವರ ಪ್ರಶ್ನೆ. ಆ ಪ್ರತಿಕಾಯಗಳಿಗೆ ಬಲ ಕೊಡಲು ಗಿನಿಯಿಲಿಯ ರಕ್ತದ ಸೀರಂ ಸೇರಿಸುತ್ತಿದ್ದರು. ಹೋಲಿಸಿ ನೋಡುವುದಕ್ಕೆಂದು ಕೆಲವು ಇಲಿಗಳಿಗೆ ಪ್ರತಿಕಾಯ ಇಲ್ಲದೆ, ಬರೀ ಗಿನಿಯಿಲಿಯ ಸೀರಂ ಕೊಟ್ಟಿದ್ದರು. ಆ ಇಲಿಗಳ ಗೆಡ್ಡೆಗಳೂ ಕರಗಿಹೋದವು. ಮೊಲದ ಪ್ರತಿಕಾಯಕ್ಕೂ ಇದಕ್ಕೂ ಸಂಬಂಧವೇ ಇರಲಿಲ್ಲ. ಇನ್ನೊಂದು ಗುಂಪನ್ನು ಇಟ್ಟಿರದಿದ್ದರೆ ಕಿಡ್ ಮೊಲದ ಪ್ರತಿಕಾಯವನ್ನೇ ಹೊಗಳಿ ಲೇಖನ ಬರೆದು ಮುಗಿಸುತ್ತಿದ್ದರು. ನಿಜವಾದ ಮದ್ದು ಕಣ್ಣಿಗೆ ಬೀಳುತ್ತಲೇ ಇರಲಿಲ್ಲ.

ಗಿನಿಯಿಲಿಯ ಸೀರಂನಲ್ಲಿ ಇರುವುದೇನು? ಬೇರೆ ಪ್ರಾಣಿಗಳ ಸೀರಂಗೆ ಆ ಶಕ್ತಿ ಯಾಕಿಲ್ಲ? ಎಂಟು ವರ್ಷ ಉತ್ತರ ಸಿಗಲಿಲ್ಲ. 1961ರಲ್ಲಿ ಜೆ. ಡಿ. ಬ್ರೂಮ್ ಎಂಬುವರ ಲೇಖನ ನೇಚರ್ ಪತ್ರಿಕೆಯಲ್ಲಿ ಬಂತು. ಅದರ ಒಂದು ಆಧಾರ 1922ರಷ್ಟು ಹಳೆಯದು. ಇಟಲಿಯ ಕ್ಲೆಮೆಂಟಿ ಎಂಬಾತ ನಾನಾ ಪ್ರಾಣಿಗಳಲ್ಲಿ ಆಸ್ಪರಜಿನ್ ಒಡೆಯುವ ಕಿಣ್ವವನ್ನು ಹುಡುಕಿ, ಗಿನಿಯಿಲಿಯ ರಕ್ತದಲ್ಲಿ ಅದು ಧಾರಾಳವಾಗಿದೆ ಎಂದು ದಾಖಲಿಸಿದ್ದ. ಕ್ಯಾನ್ಸರಿಗೂ ಅದಕ್ಕೂ ನಂಟಿದೆ ಎಂದು ಆಗ ಯಾರೂ ಕನಸಿನಲ್ಲೂ ನೆನೆದಿರಲಿಲ್ಲ. ಸುಮಾರು 40 ವರ್ಷ ಸುಮ್ಮನೆ ಬಿದ್ದಿದ್ದ ಆ ಒಂದು ದಾಖಲೆಯನ್ನು ಬ್ರೂಮ್ ಕಿಡ್ ಅವರ ಇಲಿಗಳ ಪಕ್ಕಕ್ಕೆ ತಂದಿಟ್ಟರು. ಗೆಡ್ಡೆ ಕರಗಿಸುತ್ತಿದ್ದದ್ದು ಆ ಕಿಣ್ವವೇ. ಅದರ ಹೆಸರು ಆಸ್ಪರಜಿನೇಸ್. ಹಳೆಯ ಕಾಗದಗಳ ಮೇಲೆ ಆಯುಷ್ಯ ಕಳೆದ ನನ್ನಂಥವನಿಗೆ ಇದಕ್ಕಿಂತ ದೊಡ್ಡ ಸಮಾಧಾನ ಇನ್ನಿಲ್ಲ.

ಕೆಲಸ ನಡೆಯುವ ಬಗೆ ಹೀಗೆ. ನಮ್ಮ ಆರೋಗ್ಯವಂತ ಜೀವಕೋಶಗಳು ಆಸ್ಪರಜಿನನ್ನು ತಾವೇ ಮಾಡಿಕೊಳ್ಳುತ್ತವೆ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ರಕ್ತದ ಕ್ಯಾನ್ಸರಿನ ಕೋಶಗಳಿಗೆ ಆ ಸಾಮರ್ಥ್ಯ ಬಹಳ ಕಡಿಮೆ. ಅವು ರಕ್ತದಲ್ಲಿ ಹರಿಯುವ ಆಸ್ಪರಜಿನನ್ನೇ ನಂಬಿ ಬದುಕುತ್ತವೆ. ಸೂಜಿಯಲ್ಲಿ ಹೋಗುವ ಕಿಣ್ವ ರಕ್ತದಲ್ಲಿನ ಆಸ್ಪರಜಿನನ್ನೆಲ್ಲ ಒಡೆದುಬಿಡುತ್ತದೆ. ಹಿಂದೆ ಪ್ರೋಟೀನನ್ನು ಕುದಿಸುವಾಗ ಆಮ್ಲ ಮಾಡುತ್ತಿದ್ದ ಕೆಲಸವನ್ನೇ ಇದು ಮೆಲ್ಲಗೆ, ಮೈಯ ಬಿಸಿಯಲ್ಲೇ ಮಾಡುತ್ತದೆ. ಕ್ಯಾನ್ಸರ್ ಕೋಶಗಳು ಉಪವಾಸ ಬೀಳುತ್ತವೆ. 1964ರಲ್ಲಿ ಇ. ಕೋಲಿ ಎಂಬ ಬ್ಯಾಕ್ಟೀರಿಯಾದಲ್ಲೂ ಇದೇ ಶಕ್ತಿಯ ಕಿಣ್ವ ಸಿಕ್ಕಿದ್ದರಿಂದ ಔಷಧವನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸುವ ದಾರಿ ತೆರೆಯಿತು. 1978ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅಧಿಕೃತ ಒಪ್ಪಿಗೆ ದೊರೆಯಿತು. ಅಲರ್ಜಿ, ಮೇದೋಜೀರಕ ಗ್ರಂಥಿಯ ಊತ, ರಕ್ತ ಹೆಪ್ಪುಗಟ್ಟುವಿಕೆಯ ತೊಂದರೆ ಇದರಿಂದ ಬರಬಹುದಾದ್ದರಿಂದ ವೈದ್ಯರು ಕಣ್ಣಿಟ್ಟು ನೋಡುತ್ತಲೇ ಕೊಡುತ್ತಾರೆ. 1950ರ ದಶಕದಲ್ಲಿ ಈ ರೋಗ ಬಂದ ಮಗು ಬದುಕುವುದೇ ಅಪರೂಪವಾಗಿತ್ತು. ಇಂದು ಒಳ್ಳೆಯ ಚಿಕಿತ್ಸೆ ಪೂರ್ತಿ ಸಿಗುವ ದೇಶಗಳಲ್ಲಿ ಹತ್ತು ಮಕ್ಕಳಲ್ಲಿ ಸುಮಾರು ಒಂಬತ್ತು ಮಕ್ಕಳು ಬದುಕುತ್ತಾರೆ. ಅದರಲ್ಲಿ ಬೇರೆ ಔಷಧಗಳ ಜೊತೆ ಈ ಕಿಣ್ವದ ಪಾಲೂ ಇದೆ.

ಅಂದರೆ ಆಸ್ಪರಾಗಸ್‌ನ ಹೆಸರು ಹೊತ್ತ ಆಸ್ಪರಜಿನ್ ಈ ರೋಗದ ಕೋಶಗಳಿಗೆ ಆಹಾರ. ಅದನ್ನು ಇಲ್ಲವಾಗಿಸುವ ಆಸ್ಪರಜಿನೇಸ್ ಔಷಧ. ಫೋನಿನ ಸಂದೇಶ ಹೇಳುವುದಕ್ಕೆ ದಾಖಲೆಗಳು ಹೇಳುವುದು ನೇರ ತಿರುಗುಮುರುಗು.

ಇಷ್ಟು ತಿಳಿದ ಮೇಲೆ ಇನ್ನೊಂದು ಭಯಕ್ಕೂ ಉತ್ತರ ಕೊಡಬೇಕು. 2018ರಲ್ಲಿ ನೇಚರ್ ಪತ್ರಿಕೆಯಲ್ಲಿ ಇಲಿಗಳ ಸ್ತನ ಕ್ಯಾನ್ಸರಿನ ಒಂದು ಅಧ್ಯಯನ ಬಂತು. ಆಸ್ಪರಜಿನ್ ಕಡಿಮೆ ಮಾಡಿದಾಗ ಆ ಇಲಿಗಳಲ್ಲಿ ಕ್ಯಾನ್ಸರ್ ಹರಡುವುದು ತಗ್ಗಿತ್ತು. ಮರುದಿನ ಲೋಕದ ಎಷ್ಟೋ ಪತ್ರಿಕೆಗಳು ಆಸ್ಪರಾಗಸ್ ತಿಂದರೆ ಕ್ಯಾನ್ಸರ್ ಹರಡುತ್ತದೆಯೇ ಎಂದು ತಲೆಬರಹ ಹಾಕಿದವು. ಅಧ್ಯಯನದವರು ಇಲಿಗಳಿಗೆ ಆಸ್ಪರಾಗಸ್ ತಿನ್ನಿಸಿರಲಿಲ್ಲ. ಹೆಸರಿನ ಸಾಮ್ಯದಿಂದ ಒಮ್ಮೆ ಸಂಜೀವಿನಿ ಅನಿಸಿಕೊಂಡ ತರಕಾರಿ ಅದೇ ಸಾಮ್ಯದಿಂದ ವಿಷ ಅನಿಸಿಕೊಂಡಿತು. ಎರಡೂ ಅನ್ಯಾಯ.

ಒಂದು ತಿಂಗಳ ಮೇಲೆ ಚಿಕ್ಕಮ್ಮನ ಮನೆಗೆ ಹೋಗಿ ಇದನ್ನೆಲ್ಲ ಹೇಳಿದೆ. ಅಷ್ಟರಲ್ಲಿ ಅವರು ಡಾಕ್ಟರನ್ನು ಕೇಳಿದ್ದರು. ಚೆನ್ನಾಗಿ ತೊಳೆದು ಪೂರ್ತಿ ಬೇಯಿಸಿದ ತರಕಾರಿ ಯಾವುದಾದರೂ ಆಗಬಹುದು, ಮೂಲಿಕೆಯ ಪುಡಿ ಮಾತ್ರ ಚಿಕಿತ್ಸೆ ಮುಗಿಯುವ ತನಕ ಬೇಡ ಎಂದಿದ್ದರಂತೆ. ನನ್ನ ಮಾತು ಮುಗಿದ ಮೇಲೆ ಚಿಕ್ಕಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಹಾಗಾದ್ರೆ ಆ ಗಿನಿಯಿಲಿ ರಕ್ತದಲ್ಲಿದ್ದದ್ದು ನಮ್ಮ ಹುಡುಗನ ಸೂಜಿಯಲ್ಲಿದೆ ಅನ್ನು."

"ಅದೇ ಕೆಲಸ ಮಾಡೋದು ಚಿಕ್ಕಮ್ಮಾ. ಈಗ ಬ್ಯಾಕ್ಟೀರಿಯಾದಿಂದ ತೆಗೀತಾರೆ."

"ಬೇಯಿಸಿದ್ದು ಕೊಡಬಹುದು ಅಂದಿದಾರಲ್ಲ, ಆ ತರಕಾರಿಯಲ್ಲೊಂದು ಪಲ್ಯ ಮಾಡೋಣ ಏಳು" ಅಂದರು.

ಹೊಸ ಕಟ್ಟು ತಂದು ಬುಡದ ಕಡೆಯಿಂದ ಬಾಗಿಸಿ ಮುರಿದೆವು. ನಾರಾದ ಭಾಗ ಎಲ್ಲಿ ಮುಗಿಯುತ್ತದೋ ಅಲ್ಲೇ ಅದು ಟಕ್ಕೆಂದು ಮುರಿಯುತ್ತದೆ. ಮಲೆನಾಡಿನಲ್ಲಿ ಕಳಲೆ ತಿಂದು ಬೆಳೆದವರಿಗೆ ಇದು ಹೊಸದೇನಲ್ಲ. ನೆಲದಿಂದ ಆಗಷ್ಟೇ ತಲೆ ಎತ್ತಿದ ಚಿಗುರನ್ನು ಎಲೆ ಬಿಚ್ಚುವ ಮೊದಲು ತರಕಾರಿ ಮಾಡುವುದು ಎರಡಕ್ಕೂ ಸಮಾನ. ಕಳಲೆಯನ್ನು ನೀರಿನಲ್ಲಿ ನೆನೆಹಾಕಿ ನೀರು ಬದಲಿಸುತ್ತ ಇರಬೇಕು, ಇದಕ್ಕೆ ಆ ಶ್ರಮವಿಲ್ಲ. ಸಾಸಿವೆ, ಉದ್ದಿನಬೇಳೆ, ಕರಿಬೇವಿನ ಒಗ್ಗರಣೆಗೆ ಬೆರಳುದ್ದದ ತುಂಡುಗಳನ್ನು ಹಾಕಿ, ನಾಲ್ಕೈದು ನಿಮಿಷ ಬಾಡಿಸಿ, ಕಾಯಿತುರಿ ಉದುರಿಸಿದರೆ ಹುರುಳಿಕಾಯಿ ಪಲ್ಯದ ಹತ್ತಿರದ ರುಚಿ, ಜೊತೆಗೆ ಸ್ವಲ್ಪ ಹಸಿ ಬಟಾಣಿಯ ಸಿಹಿ. ಮಗುವಿಗೆಂದು ತೆಗೆದಿಟ್ಟ ಪಾಲನ್ನು ಮುಚ್ಚಿ ಮೆತ್ತಗೆ ಬೇಯಿಸಿದರು. ತೊಗರಿಬೇಳೆಯ ತೊವ್ವೆಗೂ ಹಾಕಬಹುದು. ಮೊಟ್ಟೆ ತಿನ್ನುವವರ ಮನೆಯಲ್ಲಿ ಮೊಟ್ಟೆಯ ಜೊತೆ ಬಹಳ ಚೆನ್ನಾಗಿ ಕೂಡುತ್ತದೆ. ಜರ್ಮನಿಯಲ್ಲಿ ಚಿಗುರಿಗೆ ಬಿಸಿಲು ತಾಕದಂತೆ ಮಣ್ಣು ಏರಿಸಿ ಬೆಳ್ಳಗೆ ಬೆಳೆಸುತ್ತಾರೆ. ಜೂನ್ 24ಕ್ಕೆ ಕೊಯ್ಲು ನಿಲ್ಲಿಸಿ ಗಿಡಕ್ಕೆ ಸುಧಾರಿಸಿಕೊಳ್ಳಲು ಬಿಡುವುದು ಅಲ್ಲಿನ ರೂಢಿ.

ತರಕಾರಿಯಾಗಿ ಅದಕ್ಕೆ ಸಲ್ಲಬೇಕಾದ ಮಾನವನ್ನು ಪೂರ್ತಿ ಕೊಡಬೇಕು. 100 ಗ್ರಾಂ ಹಸಿ ಚಿಗುರಿನಲ್ಲಿ 93 ಭಾಗ ನೀರು, ಸುಮಾರು 20 ಕ್ಯಾಲೊರಿ, 2 ಗ್ರಾಂ ಪ್ರೋಟೀನು, 2 ಗ್ರಾಂ ನಾರು, 40 ಮೈಕ್ರೋಗ್ರಾಂ ದಾಟುವ ಕೆ ಜೀವಸತ್ವ, 50 ಮೈಕ್ರೋಗ್ರಾಂ ದಾಟುವ ಫೋಲೇಟ್. ಬಸುರಿಯರಿಗೆ ಬೇಕಾದ ಪೋಷಕಾಂಶ ಈ ಫೋಲೇಟ್. ರಕ್ತ ತೆಳುವಾಗಿಸುವ ವಾರ್ಫರಿನ್ ಮಾತ್ರೆ ನುಂಗುವವರು ಮಾತ್ರ ಕೆ ಜೀವಸತ್ವದ ಕಾರಣಕ್ಕೆ ಒಮ್ಮೆಲೇ ಹೆಚ್ಚು ತಿನ್ನಬಾರದು. ತಿಂದ ಕೆಲ ಹೊತ್ತಿಗೆ ಮೂತ್ರಕ್ಕೆ ಗಂಧಕದ ಒಂದು ವಾಸನೆ ಬರುತ್ತದೆ. ಅದು ಆಸ್ಪರಾಗಸಿಕ್ ಆಮ್ಲ ಒಡೆದು ಬರುವ ವಾಸನೆ, ಭಯಪಡುವಂಥದ್ದಲ್ಲ. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 6,909 ಜನರನ್ನು ಕೇಳಿದಾಗ ಆ ವಾಸನೆ ತಮಗೆ ಗೊತ್ತಾಗುತ್ತದೆ ಎಂದವರು ಶೇಕಡ 40 ಮಾತ್ರ. ಉಳಿದವರಲ್ಲಿ ಹಲವರ ಮೂಗಿಗೆ ಹುಟ್ಟಿನಿಂದಲೇ ಅದು ತಿಳಿಯುವುದಿಲ್ಲ. ರೋಗಿ ಇರುವ ಮನೆಯಲ್ಲಿ ಇಂಥ ಸಣ್ಣ ಬದಲಾವಣೆಯೂ ಎದೆ ನಡುಗಿಸುತ್ತದೆ, ಅದಕ್ಕೇ ಹೇಳಿದೆ.

ಹುಡುಗನ ಚಿಕಿತ್ಸೆ ಇನ್ನೂ ನಡೆಯುತ್ತಿದೆ. ಒಂದು ಸೂಜಿಯೂ ತಪ್ಪಿಲ್ಲ. ಆ ಸಂದೇಶ ನಿಮ್ಮ ಫೋನಿಗೂ ಬರಬಹುದು. ಬಂದರೆ ಅದನ್ನು ಇನ್ನೊಂದು ಮನೆಗೆ ಕಳಿಸಬೇಡಿ. ನಿಮ್ಮ ಬಳಗದಲ್ಲಿ ಈ ರೋಗದ ಮಗುವಿದ್ದರೆ, ಚೀಟಿಯಲ್ಲಿ ಎಲ್-ಆಸ್ಪರಜಿನೇಸ್ ಎಂದು ಬರೆದಿದ್ದರೆ, ಅದು ತರಕಾರಿಯಲ್ಲ, ಶತಾವರಿಯೂ ಅಲ್ಲ, ಬೇರೆಯೇ ಔಷಧ ಎಂದು ಮನೆಯ ಹಿರಿಯರ ಪಕ್ಕ ಕೂತು ತಿಳಿಸಿ ಹೇಳಿ.